ಕತೆಯಿಲ್ಲದ ಫ್ರೆಂಚ್ ಚಿತ್ರಕ್ಕೆ ನಾನು ಕಟ್ಟಿದ ಕತೆ

ಟೆಂಟ್ ಸಿನಿಮಾಗಳ ಕಾಲದಲ್ಲಿ ದೊಡ್ಡಬಳ್ಳಾಪುರದ ಟೆಂಟಿಗೆ ಪರಭಾಷೆಯ ಚಿತ್ರ ಬಂದರೆ, ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕತೆ ಹೇಳುವುದು ನನ್ನ ಕೆಲಸ. ಒಂದು ಸಂಜೆ ಫ್ರೆಂಚ್ ಚಿತ್ರ ಬಂತು. ಶುರುವಾದ ಮೇಲೆ ನೋಡಿದರೆ, ಅದರಲ್ಲಿ ಕತೆಯೇ ಇಲ್ಲ! ಗಾಲಿ ತಿರುಗುತ್ತೆ, ಹೊಗೆ ವಾಪಸು ಚಿಮಣಿಯೊಳಗೆ ಇಳಿಯುತ್ತೆ, ಒಬ್ಬಳು ತಲೆಕೆಳಗಾಗಿ ನಗ್ತಾಳೆ.

ಸುಮ್ಮನಿರೋಕಾಗುತ್ತಾ? ಅವಳ ಗಂಡ ಕಾಣೆಯಾಗಿದ್ದಾನೆ ಅಂತ ಹೊಸೆಯತೊಡಗಿದೆ. ನೆಲದ ಮೇಲೆ ಕೂತಿದ್ದ ನೇಕಾರನೊಬ್ಬ ಎದ್ದು, "ಲೋ, ಬಾಯ್ಮುಚ್ಚೋ! ಗಾಲಿ ಎಷ್ಟು ಚೆನ್ನಾಗಿ ತಿರುಗ್ತೈತೆ, ನೋಡೋಕೆ ಬಿಡು!" ಅಂದ. ಹೆಂಗಸರ ಕಡೆಯಿಂದ ಅಜ್ಜಿಯೊಬ್ಬಳು, "ನೀನ್ ಕೂತ್ಕೊಳ್ಳಲಾ! ನೀನ್ ಹೇಳಪ್ಪ, ಅವಳ ಗಂಡ ಸಿಕ್ಕಿದ್ನಾ?" ಅಂತ ಕೂಗಿದಳು. ಟೆಂಟು ಎರಡು ಪಾಲಾಯ್ತು. ಒಂದು ಕಡೆ ಶಿಳ್ಳೆ, ಇನ್ನೊಂದು ಕಡೆ ಬೈಗುಳ. ನನಗೋ ಎಲ್ಲಿಲ್ಲದ ಹುರುಪು! ಗಂಡನನ್ನು ಹಡಗು ಹತ್ತಿಸಿದೆ, ಮುಳುಗಿಸಿದೆ, ಬದುಕಿಸಿ ತಂದೆ. ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮಾರನೇ ಸಂಜೆ ಎರಡೂ ಪಾಲಿನವರು ಮತ್ತೆ ಬಂದು ಟೆಂಟು ತುಂಬಿದರು. ಅಜ್ಜಿ ನನ್ನ ತೋಳು ಹಿಡಿದು, "ನಮ್ ನಾದಿನೀನ ಕರ್ಕೊಂಡ್ ಬಂದಿದ್ದೀನಿ ಕಣಪ್ಪ. ನಿನ್ನೆ ಹೇಳಿದ್ದೇ ಹೇಳು, ಒಂದ್ಮಾತೂ ತಪ್ಪಬಾರ್ದು" ಅಂದಳು.

ನನಗೆ ಒಂದಕ್ಷರವೂ ನೆನಪಿರಲಿಲ್ಲ. ಬಾಯ್ಮುಚ್ಚು ಅಂದಿದ್ದ ಆ ಪುಣ್ಯಾತ್ಮ ಎಲ್ಲಿ ಕೂತಿದ್ದಾನೆ ಅಂತ ಹುಡುಕತೊಡಗಿದೆ.