ಇಪ್ಪತ್ತೆಂಟನೇ ಪುಟದ ಸಾರಿ

ಐವತ್ತು ದಾಟಿದ ಮೇಲೆ ದರ್ಜಿಯ ತಲೆಗೆ ಇಂಗ್ಲಿಷಿನ ಹುಳ ಹೊಕ್ಕಿತು. ಇಂಗ್ಲಿಷ್ ಕಲಿಸುವ ಪುಸ್ತಕವೊಂದನ್ನು ತಂದು ದಿನಕ್ಕೊಂದು ಪುಟ ಉರುಹೊಡೆದು, ಅಂದಿನ ಮಾತನ್ನು ಚೀಟಿಯಲ್ಲಿ ಬರೆದು ಅಂಗಿಯ ತೋಳಿಗೆ ಗುಂಡುಸೂಜಿಯಿಂದ ಸಿಕ್ಕಿಸಿಕೊಳ್ಳುತ್ತಿದ್ದ. ಬಂದ ಗಿರಾಕಿಗಳಿಗೆಲ್ಲ ಆ ದಿನ ಅದೊಂದೇ ಮಾತು.

ಒಂಬತ್ತನೇ ದಿನ 'ವೆರಿ ನೈಸ್' ಸರದಿ. ಅಂದೇ ಮೇಷ್ಟ್ರು ಇವನು ಹೊಲಿದ ಹೊಸ ಅಂಗಿ ತೊಟ್ಟು ಬಂದು ನಿಂತರು. ಒಂದು ತೋಳು ಮಣಿಕಟ್ಟಿನವರೆಗೆ, ಇನ್ನೊಂದು ಮೊಣಕೈವರೆಗೆ.

"ವೆರಿ ನೈಸ್," ಎಂದ ದರ್ಜಿ.

ಮೇಷ್ಟ್ರ ಪಿತ್ತ ನೆತ್ತಿಗೇರಿತು. "ಮೊದಲು ಸಾರಿ ಕೇಳಯ್ಯಾ!"

"ಅದು ಇಪ್ಪತ್ತೆಂಟನೇ ಪುಟದಲ್ಲಿದೆ ಸಾರ್. ಪಾಠ ಹಾರಿಸಬಾರದು ಅಂತ ಪುಸ್ತಕದಲ್ಲೇ ಬರೆದಿದ್ದಾರೆ."

ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಅವನ ಹೆಂಡತಿ ತಲೆಯೆತ್ತದೆ ಹೇಳಿದಳು: "ಅಲ್ಲೀವರೆಗೂ ಕಾಯ್ಬೇಡಿ ಮೇಷ್ಟ್ರೇ. 'ತಪ್ಪಾಯ್ತು' ಅನ್ನೋದು ಇವರ ಬಾಯಿಗೆ ನಮ್ಮ ಮಾತಲ್ಲೇ ಮೂವತ್ತು ವರ್ಷದಿಂದ ಬಂದಿಲ್ಲ."