ಬಂದರಿನ ದುಭಾಷಿ

ಹೊರದೇಶದ ಕಂಪನಿ ಇಲ್ಲಿ ಬಂದರು ಕಟ್ಟಲು ಶುರುಮಾಡಿ ಆರು ವರ್ಷವಾಯಿತು; ಇಷ್ಟು ದಿನ ಒಂದು ಜಗಳವೂ ಆಗಿಲ್ಲವೆಂದರೆ ಅದಕ್ಕೆ ನಮ್ಮ ದುಭಾಷಿಯೇ ಕಾರಣ. ಇಸ್ತ್ರಿ ಮಾಡಿದ ಅಂಗಿ, ಕಿವಿ ಮುಚ್ಚುವಷ್ಟು ದೊಡ್ಡ ಹಳದಿ ಹೆಲ್ಮೆಟ್ಟು, ಮಾತಾಡುವ ಇಬ್ಬರ ನಡುವೆ ಅರ್ಧ ಹೆಜ್ಜೆ ಹಿಂದೆ ನಿಲ್ಲುವ ರೂಢಿ. ಕಂಪನಿಯ ದೊಡ್ಡ ಎಂಜಿನಿಯರು ಕೆಂಡಾಮಂಡಲವಾಗಿ "ಕತ್ತೆಗಳಾ!" ಎಂದು ಕಿರುಚಿದರೆ ಇವನ ಬಾಯಲ್ಲಿ ಅದು, "ಸ್ವಲ್ಪ ಬೇಗ ಮುಗಿಸ್ರಪ್ಪ, ಸಾಹೇಬ್ರು ಕೇಳ್ಕೋತಿದ್ದಾರೆ" ಎಂದಾಗುತ್ತದೆ. ಕೂಲಿಯವರು "ಇವನ ಮನೆ ಹಾಳಾಗ" ಎಂದು ಗೊಣಗಿದರೆ, "ಮನೇಲೆಲ್ಲ ಚೆನ್ನಾಗಿದ್ದಾರಾ ಅಂತ ವಿಚಾರಿಸ್ತಿದ್ದಾರೆ, ಸಾರ್." ಯಾರಾದರೂ ಬರೀ ಕೆಮ್ಮಿದರೂ ಅದಕ್ಕೊಂದು ಧನ್ಯವಾದ ಅಂಟಿಸಿಬಿಡುತ್ತಾನೆ. ಇಂಥ ಸಾಧು ಜನರನ್ನು ಎಲ್ಲೂ ಕಂಡಿಲ್ಲವೆಂದು ಎಂಜಿನಿಯರು ತನ್ನ ದೇಶಕ್ಕೆ ಬರೆಯುತ್ತಾನಂತೆ. ಮೊನ್ನೆ ಬಂದರಿನ ರಸ್ತೆಗೆಂದು ಎಂಜಿನಿಯರು ಎದುರು ನಿಂತು ಅಳತೆಯ ಗೂಟ ಹೊಡೆಸಿದ್ದು ದುಭಾಷಿಯ ಮನೆಬಾಗಿಲಲ್ಲೇ. ಅವನ ತಾಯಿ ಹೊಸ್ತಿಲ ಮೇಲೆ ನಿಂತು, ದನಿ ಏರಿಸದೆ, "ನನ್ನ ಹೆಣ ಬೀಳೋವರೆಗೂ ಈ ಮನೆ ಬಿಡಲ್ಲ ಅಂತ ಹೇಳಪ್ಪ" ಎಂದಳು. ಆರು ವರ್ಷದಲ್ಲಿ ಮೊದಲ ಸಲ ಅವನು ಒಂದಕ್ಷರವನ್ನೂ ಬದಲಿಸದೆ ಹೇಳಿದ. ಎಂಜಿನಿಯರು ನಕ್ಕು ಅವನ ಹೆಗಲು ತಟ್ಟಿದ: "ನಿಮ್ಮ ಜನ ಹೀಗೆಲ್ಲ ಮಾತಾಡೋರಲ್ಲ ಕಣಯ್ಯ, ನನಗೆ ಗೊತ್ತಿಲ್ವಾ? ತಮಾಷೆ ಸಾಕು, ಅಮ್ಮ ಏನಂದ್ರು ಸರಿಯಾಗಿ ಹೇಳು."