ಐದು ನಿಮಿಷದ ತುರುಬು

ಮೊಬೈಲಿನಲ್ಲಿ ಕೂದಲಿನ ಬಗ್ಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ಬಿಡುವಿಲ್ಲದ ಅಮ್ಮಂದಿರೇ, ಐದೇ ನಿಮಿಷ ಸಾಕು! ಎಣ್ಣೆ ಹಚ್ಚಿ ಬಿಗಿಯಾಗಿ ತುರುಬು ಕಟ್ಟಿ, ನಾಲ್ಕು ದಿನ ಬಾಚುವ ಗೊಡವೆಯೇ ಬೇಡ" ಎಂದು ಒಬ್ಬಳು ಹಲ್ಲು ಕಿಸಿದಳು. ಅವಳೆಲ್ಲಿ, ನಾನೆಲ್ಲಿ! ನಾನು ಸವದತ್ತಿಯಿಂದ ಬೈಲಹೊಂಗಲಕ್ಕೆ ಬೆಳಗಿನ ಬಸ್ಸು ಹಿಡಿಯುವವಳು, ಅಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ. ಒಂಬತ್ತು ವರ್ಷದ ಮಗಳಿಗೆ ಸೊಂಟದವರೆಗೆ ಗುಂಗುರು ಕೂದಲು. ನಾನೂ ಹುಚ್ಚಿ, ಆ ಮಾತು ನಂಬಿದೆ. ನಾಲ್ಕು ದಿನ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಒಳಗೆ ಗಂಟು ಕೈಗೆ ತಾಗಿದರೂ ಮೇಲಷ್ಟೇ ಸವರಿ, ಮತ್ತೊಂದು ರಬ್ಬರ್ ಬ್ಯಾಂಡು ಸುತ್ತಿ ಬಸ್ಸಿಗೆ ಓಡುತ್ತಿದ್ದೆ.

ಒಂದು ಭಾನುವಾರ ಬಿಚ್ಚಿ ನೋಡಿದರೆ ಕತ್ತಿನ ಹಿಂದೆ ಕೂದಲು ಹಗ್ಗದಂತೆ ಹೊಸೆದುಕೊಂಡಿತ್ತು. ಬೇರೆ ಊರಲ್ಲಾದರೆ ಇದನ್ನು ಸಿಕ್ಕು ಎನ್ನುತ್ತಾರೆ. ನಮ್ಮಲ್ಲಿ ಜಡೆ ಬಂತು, ಗುಡ್ಡದ ದೇವಿ ಹುಡುಗಿಯನ್ನು ತನಗೆ ಕೇಳಿದಳು ಎನ್ನುತ್ತಾರೆ. ಆಮೇಲೆ ಅದಕ್ಕೆ ಕತ್ತರಿಯೂ ತಾಗಬಾರದು, ಹಣಿಗೆಯೂ ತಾಗಬಾರದು. ದೇವಿಗೆ ಹುಡುಗಿಯರನ್ನು ದೇವದಾಸಿಯಾಗಿ ಬಿಡಬಾರದೆಂದು ಕಾನೂನು ಬಂದು ಎಷ್ಟೋ ಕಾಲವಾಯಿತು, ಜನರ ನಾಲಿಗೆಗೆ ಯಾವ ಕಾನೂನೂ ಇಲ್ಲ.

ಅತ್ತೆ ಅರಿಶಿನ ಭಂಡಾರದ ಬಟ್ಟಲು ಹಿಡಿದೇ ಬಂದರು.

"ಕೈ ಹಚ್ಚಬ್ಯಾಡ. ಅವ್ವ ಬಂದಾಳ. ಕೂಸಿನ್ನ ಗುಡ್ಡಕ್ಕ ಬಿಡಬೇಕಾಗತೈತಿ."

ನಿನ್ನೆಯವರೆಗೆ ಒಂದು ಕೊಡ ನೀರಿಗೂ ಮುಖ ತಿರುಗಿಸುತ್ತಿದ್ದ ಪಕ್ಕದ ಮನೆಯಾಕೆ ಓಡಿ ಬಂದು ನನ್ನ ಮಗಳ ಕಾಲಿಗೆ ಬಿದ್ದಳು. ಥೂ!

ಮಗಳು ನನ್ನ ಸೆರಗು ಹಿಡಿದಳು. "ಅವ್ವಾ, ನನ್ನ ಸಾಲಿ ಬಿಡಸ್ತಾರೇನ?"

"ಯಾರ ಬಿಡಸ್ತಾರ ನಾನೂ ನೋಡತೇನಿ. ಬಾ, ಕುಂದ್ರ ಇಲ್ಲೆ."

ಕೊಬ್ಬರಿ ಎಣ್ಣೆ ಸುರಿದು, ಅಗಲ ಹಲ್ಲಿನ ಹಣಿಗೆ ಹಿಡಿದು, ತುದಿಯಿಂದ ಮೇಲಕ್ಕೆ ಎಳೆ ಎಳೆಯಾಗಿ ಬಿಡಿಸತೊಡಗಿದೆ. ಐದು ನಿಮಿಷವಂತೆ, ಐದು ನಿಮಿಷ! ಬೆಳಿಗ್ಗೆ ಕೂತವಳಿಗೆ ಮಧ್ಯಾಹ್ನದ ಊಟದ ಹೊತ್ತು ಮೀರಿತು. ಅತ್ತೆ ಹೊಸ್ತಿಲಲ್ಲಿ ಕೂತು ಗೊಣಗುತ್ತಲೇ ಇದ್ದರು.

"ಕಣ್ಣ ಹೋಗತಾವ ನೋಡ."

"ಹೋದ್ರ ನನ್ನ ಕಣ್ಣ ಹೋಗ್ಲಿ ಬಿಡ್ರಿ ಅತ್ತಿ."

ಕೊನೆಗೆ ಗಂಟಿನ ನಟ್ಟನಡುವಿನಿಂದ ಒಂದು ಕಪ್ಪು ರಬ್ಬರ್ ಬ್ಯಾಂಡು ಹೊರಬಂತು. ಅದನ್ನು ಅತ್ತೆಯ ಬಟ್ಟಲಿಗೇ ಎಸೆದೆ.

"ತಗೋರಿ, ಇದ ನೋಡ್ರಿ ನಿಮ್ಮ ದೇವಿ. ಪೂಜಾ ಮಾಡ್ರಿ."

ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ, ಭಂಡಾರ ಕೊಡವಿ, ನೋಡಿದರು.

"ಇದನ್ನ ಕಟ್ಟಿ ಮರತಾಕಿ ಯಾರವಾ?"

ಮಗಳು ತಿರುಗಿ ನನ್ನ ಮುಖ ನೋಡಿದಳು. ನಾನು ಹಣಿಗೆಯ ಹಲ್ಲಿಗೆ ಸಿಕ್ಕಿದ್ದ ಕೂದಲು ತೆಗೆಯುತ್ತ ಕೂತೆ.